ನೇಪರ್‌ವಿಲ್‌ನಲ್ಲಿ ಒಬ್ಬ ಅಮ್ಮ: ಅಸಿಸ್ಟೆಡ್ ಲಿವಿಂಗ್ ಲೆಕ್ಕದ ಒಂದು ಪ್ರಕರಣ

ಅಮ್ಮನಿಗೆ 82 ವರ್ಷ. ಷಿಕಾಗೊದ ಪಶ್ಚಿಮಕ್ಕಿರುವ ನೇಪರ್‌ವಿಲ್‌ನಲ್ಲಿ ಒಬ್ಬರೇ ಇದ್ದರು. ಎರಡಂತಸ್ತಿನ ಮನೆ. ಮಲಗುವ ಕೋಣೆ ಮೇಲೆ, ಅಡುಗೆಮನೆ ಕೆಳಗೆ, ಬಟ್ಟೆ ಒಗೆಯುವ ಮೆಷಿನ್ ಅದಕ್ಕೂ ಕೆಳಗೆ ಬೇಸ್‌ಮೆಂಟಿನಲ್ಲಿ. 1971ರಲ್ಲಿ ಎಂಜಿನಿಯರ್ ಗಂಡನ ಜೊತೆ ಅಮೆರಿಕಕ್ಕೆ ಬಂದವರು. ಗಂಡ 2022ರಲ್ಲಿ ತೀರಿಕೊಂಡರು. ಮಗ ಸಿಯಾಟಲ್ ಕಡೆ, ಮಗಳು ನ್ಯೂಜೆರ್ಸಿಯಲ್ಲಿ. 1965ರಲ್ಲಿ ವಲಸೆ ಕಾನೂನು ಬದಲಾದ ಮೇಲೆ ಬಂದ ಕನ್ನಡಿಗರ ಮೊದಲ ತಲೆಮಾರು ಈಗ ಎಂಬತ್ತರ ಆಚೀಚೆ ಇದೆ. ಅವರಲ್ಲಿ ತುಂಬ ಜನರ ಪರಿಸ್ಥಿತಿ ಹೀಗೇ ಇದೆ: ಮನೆ ದೊಡ್ಡದು, ಮಕ್ಕಳು ದೂರ.

ನಾನು ಈ ಕುಟುಂಬದ ಹಳೆಯ ಪರಿಚಯಸ್ಥ. ಅಮ್ಮ ಮನೆಯಲ್ಲೇ ಇರಬೇಕಾ, ಅಸಿಸ್ಟೆಡ್ ಲಿವಿಂಗ್‌ಗೆ (ಸ್ವಂತ ಕೋಣೆ, ಊಟ, ದಿನದ ಕೆಲಸಗಳಿಗೆ ಸಹಾಯ ಸಿಗುವ ಹಿರಿಯರ ವಸತಿಗೆ) ಹೋಗಬೇಕಾ, ಲೆಕ್ಕ ನೋಡಿಕೊಡಿ ಅಂತ ಕರೆದರು. ಅವರು ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ, ಕೆಲವು ಅಂಕಿ ಬದಲಿಸಿದ್ದೇನೆ. ಲೆಕ್ಕದ ಹದ ಮಾತ್ರ ಹಾಗೇ ಇದೆ.

ಬಿದ್ದದ್ದು, ಮತ್ತು ಬಂದ ಮೊದಲ ಬಿಲ್

2025ರ ಫೆಬ್ರವರಿಯಲ್ಲಿ ಒಂದು ರಾತ್ರಿ ಬಾತ್‌ರೂಮಿನಲ್ಲಿ ಜಾರಿದರು. ಮಣಿಕಟ್ಟಿನ ಮೂಳೆ ಮುರಿಯಿತು. ಸೊಂಟದ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಆಸ್ಪತ್ರೆಯಲ್ಲಿ ಮೂರು ರಾತ್ರಿ ಇದ್ದರು. ಆಮೇಲೆ ನಡೆಯಲು ಕಲಿಸುವ ರಿಹ್ಯಾಬ್‌ಗೆ ಕಳಿಸಿದರು. ಮಕ್ಕಳು ಅಂದುಕೊಂಡಿದ್ದು, ಅಮ್ಮನಿಗೆ ಮೆಡಿಕೇರ್ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಇದೆ, ಚಿಂತೆ ಇಲ್ಲ ಅಂತ.

ಮೆಡಿಕೇರ್ ನಿಯಮ ಹೀಗಿದೆ. ಆಸ್ಪತ್ರೆಯಲ್ಲಿ ಸತತ ಮೂರು ದಿನ ಇನ್‌ಪೇಷೆಂಟ್ (ಒಳರೋಗಿ) ಆಗಿದ್ದರೆ, ಅದಾದ ಮೇಲೆ ಇಂಥ ರಿಹ್ಯಾಬ್ ನಡೆಯುವ ಸ್ಕಿಲ್ಡ್ ನರ್ಸಿಂಗ್ ಕೇಂದ್ರದ ಖರ್ಚನ್ನು ಒಂದು ಅವಧಿಗೆ 100 ದಿನದವರೆಗೆ ನೋಡಿಕೊಳ್ಳುತ್ತದೆ. ಮೊದಲ 20 ದಿನ ಪೂರ್ತಿ. 21ರಿಂದ 100ರವರೆಗೆ ದಿನಕ್ಕೆ ಇಷ್ಟು ಅಂತ ನಾವು ಕೊಡಬೇಕು. 2025ರಲ್ಲಿ ಅದು 209.50 ಡಾಲರ್. ಆದರೆ ಅಮ್ಮ ಇನ್‌ಪೇಷೆಂಟ್ ಆಗಿರಲೇ ಇಲ್ಲ. ಮೂರೂ ರಾತ್ರಿ ಅವರನ್ನು 'ಅಬ್ಸರ್ವೇಷನ್' ಅಂತ ಬರೆದುಕೊಂಡಿದ್ದರು. ಮಂಚ ಅದೇ, ನರ್ಸ್ ಅವರೇ, ಊಟ ಅದೇ. ಕಾಗದದಲ್ಲಿ ಮಾತ್ರ ಅವರು ಹೊರರೋಗಿ. ಆ ದಿನಗಳು ಮೂರು ದಿನದ ಲೆಕ್ಕಕ್ಕೆ ಬರುವುದಿಲ್ಲ. ಹೀಗಿದೆ ಅಂತ ತಿಳಿಸುವ ಒಂದು ನೋಟಿಸನ್ನು ಆಸ್ಪತ್ರೆ ಕೊಡಲೇಬೇಕು, ಕೊಟ್ಟೂ ಇತ್ತು. ಮಗಳು ಸಹಿ ಹಾಕಿದ ಕಾಗದಗಳ ರಾಶಿಯಲ್ಲಿ ಅದೂ ಇತ್ತು. ಆ ಹೊತ್ತಿನಲ್ಲಿ ಯಾರು ಓದುತ್ತಾರೆ, ಹೇಳಿ?

ರಿಹ್ಯಾಬ್‌ನಲ್ಲಿ 16 ದಿನ, ದಿನಕ್ಕೆ 390 ಡಾಲರ್. ಒಟ್ಟು 6,240 ಡಾಲರ್ ಕೈಯಿಂದ ಹೋಯಿತು. ಅಪ್ಪ ಅಮ್ಮ ಆಸ್ಪತ್ರೆಯಲ್ಲಿದ್ದರೆ ದಿನಾ ಕೇಳಬೇಕಾದ ಪ್ರಶ್ನೆ ಒಂದೇ: ಇವತ್ತು ಇವರು ಇನ್‌ಪೇಷೆಂಟಾ, ಅಬ್ಸರ್ವೇಷನ್ನಾ? ಡಾಕ್ಟರ ಹತ್ತಿರ ಆಗಲೇ ಮಾತಾಡಿದರೆ ಕೆಲವೊಮ್ಮೆ ಬದಲಾಗುತ್ತದೆ. ಮನೆಗೆ ಬಂದಮೇಲೆ ತುಂಬ ಕಷ್ಟ.

ಇನ್ನೊಂದು ವಿಷಯವೂ ಆಗಲೇ ಗೊತ್ತಾಯಿತು. ಅಸಿಸ್ಟೆಡ್ ಲಿವಿಂಗ್‌ಗೆ ಮೆಡಿಕೇರ್ ಒಂದು ಪೈಸೆ ಕೊಡುವುದಿಲ್ಲ. ಸ್ನಾನ ಮಾಡಿಸುವುದು, ಬಟ್ಟೆ ಹಾಕಿಸುವುದು, ಮಾತ್ರೆ ನೆನಪಿಸುವುದು ಅದರ ಕಣ್ಣಿಗೆ ಚಿಕಿತ್ಸೆಯೇ ಅಲ್ಲ. ಅಪ್ಪ 1998ರಲ್ಲಿ ಲಾಂಗ್ ಟರ್ಮ್ ಕೇರ್ ವಿಮೆ, ಅಂದರೆ ದೀರ್ಘಕಾಲದ ಆರೈಕೆಯ ವಿಮೆ ಮಾಡಿಸಿದ್ದರು, ತಮ್ಮೊಬ್ಬರ ಹೆಸರಿಗೆ. ತಾನೇ ವಯಸ್ಸಿನಲ್ಲಿ ದೊಡ್ಡವನು, ತನಗೇ ಮೊದಲು ಬೇಕಾಗುತ್ತದೆ ಅನ್ನುವ ಲೆಕ್ಕ. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಂತು ಕಟ್ಟಿದರು. ಹಾರ್ಟ್ ಅಟ್ಯಾಕ್ ಆಗಿ ಒಂದೇ ದಿನದಲ್ಲಿ ಹೋದರು. ಅಮ್ಮನ ಹೆಸರಿಗೆ ಏನೂ ಇರಲಿಲ್ಲ.

ಕೈಯಲ್ಲಿ ಏನಿತ್ತು

ಗಂಡನ ಸೋಶಿಯಲ್ ಸೆಕ್ಯೂರಿಟಿ (ಸರ್ಕಾರದ ನಿವೃತ್ತಿ ವೇತನ) ಈಗ ಅಮ್ಮನಿಗೆ ಬರುತ್ತದೆ, ತಿಂಗಳಿಗೆ 3,050 ಡಾಲರ್. ಲೈಬ್ರರಿಯಲ್ಲಿ ಕೆಲಸ ಮಾಡಿದ್ದಕ್ಕೆ ಅಮ್ಮನಿಗೂ ಸ್ವಂತದ ಸಣ್ಣ ಮೊತ್ತ ಬರುತ್ತಿತ್ತು. ಗಂಡ ಹೋದಮೇಲೆ ಎರಡರಲ್ಲಿ ದೊಡ್ಡದು ಮಾತ್ರ ಉಳಿಯುತ್ತದೆ, ಚಿಕ್ಕದು ನಿಂತುಹೋಗುತ್ತದೆ. ಗಂಡನ ಪೆನ್ಷನ್‌ನಲ್ಲಿ ಅರ್ಧ, 640 ಡಾಲರ್. ಎರಡೂ ಸೇರಿ 3,690. ಬ್ಯಾಂಕು, ನಿವೃತ್ತಿ ಖಾತೆ ಎಲ್ಲ ಸೇರಿ 3,10,000 ಡಾಲರ್ ಉಳಿತಾಯ. ಸಾಲ ತೀರಿದ ಮನೆ, ಮಾರಿದರೆ 5,60,000 ಆಸುಪಾಸು.

ಇದು ಬಡತನ ಅಲ್ಲ. ಆದರೆ ಇಲ್ಲಿನ ಹೆಚ್ಚಿನ ಸರ್ಕಾರಿ ಸಹಾಯ ಸಿಗದಷ್ಟು ಹಣ, ನಿಶ್ಚಿಂತೆಯಾಗಿ ಇರಲು ಸಾಲದಷ್ಟು ಹಣ. ನೇಪರ್‌ವಿಲ್ ಇರುವ ಇಲಿನಾಯ್ ರಾಜ್ಯದಲ್ಲಿ ಕಮ್ಯುನಿಟಿ ಕೇರ್ ಪ್ರೋಗ್ರಾಂ ಇದೆ. 60 ದಾಟಿದವರಿಗೆ ಮನೆಗೆಲಸದ ಸಹಾಯ, ಡೇ ಸೆಂಟರ್, ತುರ್ತು ಬಟನ್ ಕೊಡುತ್ತದೆ. ಮನೆ, ಕಾರು ಬಿಟ್ಟು ಉಳಿದ ಆಸ್ತಿ 17,500 ಡಾಲರ್ ಮೀರಬಾರದು. ಅಮ್ಮನಿಗೆ ಅನ್ವಯಿಸುವುದಿಲ್ಲ. ಸಪೋರ್ಟಿವ್ ಲಿವಿಂಗ್ ಪ್ರೋಗ್ರಾಂ ಅಂತ ಇನ್ನೊಂದಿದೆ, ಮೆಡಿಕೇಡ್ (ಹಣ ಕಮ್ಮಿ ಇರುವವರ ಸರ್ಕಾರಿ ವಿಮೆ) ಹಣದಲ್ಲಿ ನಡೆಯುವಂಥದ್ದು. ನೋಡಲು ಅಸಿಸ್ಟೆಡ್ ಲಿವಿಂಗ್ ಥರವೇ ಇರುತ್ತದೆ, ಆದರೆ ಕಾನೂನಿನ ಪ್ರಕಾರ ಬೇರೆ. ಹಣ ಖಾಲಿಯಾದ ಮೇಲೆ ಇಲ್ಲೇ ಮೆಡಿಕೇಡ್‌ನಲ್ಲಿ ಇರಬಹುದಾ ಅಂತ ಅಸಿಸ್ಟೆಡ್ ಲಿವಿಂಗ್‌ನಲ್ಲಿ ಕೇಳಿದರೆ ಉತ್ತರ ಇಲ್ಲ ಅಂತಲೇ ಬರುತ್ತದೆ. ಆಗ ಜಾಗ ಬದಲಿಸಬೇಕು. ಸೇರುವ ದಿನವೇ ಕೇಳಿಕೊಳ್ಳಬೇಕಾದ ಮಾತು ಇದು.

ಸಹಾಯ ಎಲ್ಲಿ ಹುಡುಕಬೇಕು ಅನ್ನುವುದೂ ಗೊಂದಲವೇ. ನೇಪರ್‌ವಿಲ್ ಒಂದೇ ಊರಾದರೂ ಸ್ವಲ್ಪ ಭಾಗ ಡುಪೇಜ್ ಕೌಂಟಿಯಲ್ಲಿ, ಸ್ವಲ್ಪ ಭಾಗ ವಿಲ್ ಕೌಂಟಿಯಲ್ಲಿದೆ. ಹಿರಿಯರ ಸೇವೆಗಳು ಬಹುಪಾಲು ಕೌಂಟಿ ಮೇಲೆ ಹೋಗುತ್ತವೆ. ಆದ್ದರಿಂದ ಆಸ್ತಿ ತೆರಿಗೆ ಬಿಲ್ ತೆಗೆದು ಕೌಂಟಿ ಯಾವುದು ಅಂತ ಮೊದಲು ನೋಡಿಕೊಳ್ಳಬೇಕು. ಎರಡೂ ಕೌಂಟಿ ಸೇರಿ ಎಂಟು ಕೌಂಟಿಗಳಿಗೆ ಏಜ್‌ಗೈಡ್ ಅನ್ನುವ ಸಂಸ್ಥೆ ಇದೆ. 1965ರ ಓಲ್ಡರ್ ಅಮೆರಿಕನ್ಸ್ ಕಾಯ್ದೆಯ ಹಣ ಇಂಥ ಸಂಸ್ಥೆಗಳ ಮೂಲಕವೇ ಬರುತ್ತದೆ. ದೇಶದ ಯಾವ ಊರಲ್ಲಿದ್ದರೂ ಎಲ್ಡರ್‌ಕೇರ್ ಲೊಕೇಟರ್‌ಗೆ ಫೋನ್ ಮಾಡಿದರೆ ನಿಮ್ಮ ಕಡೆಯ ಸಂಸ್ಥೆ ಯಾವುದು ಅಂತ ಹೇಳುತ್ತಾರೆ. ಈ ಕಾಯ್ದೆಯಡಿ ಮನೆಗೆ ತಂದುಕೊಡುವ ಊಟಕ್ಕೆ ಆಸ್ತಿ ಎಷ್ಟಿದೆ ಅಂತ ಕೇಳುವುದಿಲ್ಲ, ಆದಷ್ಟು ದೇಣಿಗೆ ಕೊಟ್ಟರೆ ಸಾಕು. ಅಮ್ಮ ಒಂದು ವಾರ ತರಿಸಿಕೊಂಡು ನಿಲ್ಲಿಸಿದರು. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಡಾಕ್ಟರ ಹತ್ತಿರ ಹೋಗಲು ರೈಡ್ ಡುಪೇಜ್ ಅನ್ನುವ ವಾಹನ ಸೇವೆ ಮಾತ್ರ ಕೊನೆತನಕ ಉಪಯೋಗಕ್ಕೆ ಬಂತು.

ಪಕ್ಕದ ಮನೆಯ ಅಮೆರಿಕನ್ ಅಜ್ಜಿಯ ಗಂಡ ಕೊರಿಯಾ ಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದವರು. ಅಂಥವರ ವಿಧವೆಯರಿಗೆ ಏಡ್ ಅಂಡ್ ಅಟೆಂಡೆನ್ಸ್ ಅಂತ ಆರೈಕೆಗೆ ಸಹಾಯಧನ ಇದೆ, 2025ರಲ್ಲಿ ತಿಂಗಳಿಗೆ ಹೆಚ್ಚೆಂದರೆ 1,550 ಡಾಲರ್ ಆಸುಪಾಸು ಇತ್ತು. ನಮ್ಮವರಲ್ಲಿ ಇದು ಅಪರೂಪ. ಆದರೂ ಅಮೆರಿಕನ್ ಸೊಸೆ, ಅಳಿಯಂದಿರ ಮನೆಯವರಿಗೆ ಹೇಳಿ. ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಮನೆಯಲ್ಲೇ ಇದ್ದರೆ ಅಗ್ಗ ಅನ್ನುವ ಲೆಕ್ಕ

ಮಗಳು ಆಫೀಸಿನಿಂದ ಎಫ್‌ಎಂಎಲ್‌ಎ ರಜೆ (ಮನೆಯವರ ಆರೈಕೆಗೆ ಕಾನೂನು ಕೊಡುವ ರಜೆ) ತೆಗೆದುಕೊಂಡು ಬಂದಳು. ಸಂಬಳವಿಲ್ಲದ 12 ವಾರ. ಅವಳ ಅಭಿಪ್ರಾಯ ಗಟ್ಟಿಯಾಗಿತ್ತು: ಅಮ್ಮ ಮನೆಯಲ್ಲೇ ಇರಲಿ, ಒಬ್ಬ ಆಯಾ ಇಡೋಣ, ಅದೇ ಅಗ್ಗ. ಮಗ ಸಿಯಾಟಲ್‌ಗೆ ಬಾ ಅಂತಿದ್ದ. ಅಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದರೆ ಅಮ್ಮ ದಿನಕ್ಕೆ ಒಂಬತ್ತು ಗಂಟೆ ಒಬ್ಬರೇ. ಗೊತ್ತಿಲ್ಲದ ಊರು ಬೇರೆ. ಆ ಮಾತು ಬೇಗ ಬಿದ್ದುಹೋಯಿತು.

ನಾವು ಮೊದಲು ಹಣ ನೋಡಲಿಲ್ಲ. ಗಂಟೆ ನೋಡಿದೆವು. ಅಮ್ಮನಿಗೆ ಯಾವ ಹೊತ್ತಿನಲ್ಲಿ ಏನು ಸಹಾಯ ಬೇಕಾಯಿತು ಅಂತ ಮಗಳು ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಬೆಳಗ್ಗೆ ಹಾಸಿಗೆಯಿಂದ ಏಳಲು ಹತ್ತು ನಿಮಿಷ. ಸ್ನಾನಕ್ಕೆ ಅರ್ಧ ಗಂಟೆ. ಬಟ್ಟೆಗೆ ಕಾಲು ಗಂಟೆ. ಮೂರು ಹೊತ್ತು ಮಾತ್ರೆ. ಅಡುಗೆ ಬಿಸಿ ಮಾಡಿ ಬಡಿಸುವುದು. ಸಂಜೆ ಮೆಟ್ಟಿಲು ಹತ್ತಿಸುವುದು. ರಾತ್ರಿ ಒಂದಕ್ಕೆ, ನಾಲ್ಕಕ್ಕೆ ಬಾತ್‌ರೂಮಿಗೆ ಕೈ ಹಿಡಿದು ಕರೆದೊಯ್ಯುವುದು. ಕೂಡಿಸಿದರೆ ದಿನಕ್ಕೆ ಎರಡೂವರೆ ಗಂಟೆ. ಅಷ್ಟೇ. ಆದರೆ ಆ ಎರಡೂವರೆ ಗಂಟೆ ಇಪ್ಪತ್ನಾಲ್ಕು ಗಂಟೆಯ ಉದ್ದಕ್ಕೂ ಚೆಲ್ಲಾಪಿಲ್ಲಿಯಾಗಿತ್ತು.

ಇಡೀ ಪ್ರಕರಣದ ಗಂಟು ಇಲ್ಲೇ ಇದೆ ಅಂತ ನನ್ನ ಅಭಿಪ್ರಾಯ. ಮನೆಗೆ ಆಯಾ ಕಳಿಸುವ ಏಜೆನ್ಸಿಗಳು ಹತ್ತು ನಿಮಿಷಕ್ಕೆ ಜನ ಕಳಿಸುವುದಿಲ್ಲ. ಒಂದು ಪಾಳಿ ಅಂದರೆ ಸಾಮಾನ್ಯವಾಗಿ ಮೂರೋ ನಾಲ್ಕೋ ಗಂಟೆ. ಹತ್ತು ನಿಮಿಷದ ಕೆಲಸಕ್ಕೂ ಅಷ್ಟೂ ಗಂಟೆ ಕೊಳ್ಳಬೇಕು. ಅಸಿಸ್ಟೆಡ್ ಲಿವಿಂಗ್‌ನಲ್ಲಿ ಒಬ್ಬ ಆಯಾ ಹಲವರನ್ನು ನೋಡಿಕೊಳ್ಳುತ್ತಾಳೆ. ಅಲ್ಲಿ ಸಹಾಯ ಚೂರು ಚೂರಾಗಿ ಸಿಗುತ್ತದೆ. ಬೇಕಾದ ಸಹಾಯ ಒಂದೇ ಹೊತ್ತಿಗೆ ಸೇರಿಕೊಂಡಿದ್ದರೆ ಮನೆಯೇ ಅಗ್ಗ. ಸ್ವಲ್ಪವೇ ಇದ್ದು ಹಗಲು ರಾತ್ರಿ ಹರಡಿಕೊಂಡಿದ್ದರೆ ಅಸಿಸ್ಟೆಡ್ ಲಿವಿಂಗ್ ಅಗ್ಗ. ಮಕ್ಕಳ ನಡುವಿನ ಜಗಳ 'ಎಷ್ಟು ಸಹಾಯ' ಅನ್ನುವುದರ ಮೇಲಿತ್ತು. ನೋಡಬೇಕಿದ್ದದ್ದು 'ಯಾವಾಗ' ಅನ್ನುವುದನ್ನು.

ಅಂಕಿ ಹೀಗೆ ಬಂತು. ಆಯಾ ಬೆಳಗ್ಗೆ ನಾಲ್ಕು ಗಂಟೆ ಹೊತ್ತು, ಸಂಜೆ ಎರಡು ಗಂಟೆ ಹೊತ್ತು. ಸಂಜೆಯ ಎರಡು ಗಂಟೆಗೆ ಒಪ್ಪುವ ಏಜೆನ್ಸಿ ಸಿಕ್ಕಿದ್ದೇ ಅದೃಷ್ಟ. ವಾರಕ್ಕೆ 42 ಗಂಟೆ, ಗಂಟೆಗೆ 35 ಡಾಲರ್, ತಿಂಗಳಿಗೆ 6,370. ಅದರ ಮೇಲೆ ಮನೆಯ ಖರ್ಚು: ಆಸ್ತಿ ತೆರಿಗೆ, ವಿಮೆ, ಕರೆಂಟು, ಗ್ಯಾಸು, ಹುಲ್ಲು ಕತ್ತರಿಸುವವರು, ಹಿಮ ಎತ್ತುವವರು, ಎಲ್ಲ ಸೇರಿ 1,650. ಒಟ್ಟು 8,020 ಡಾಲರ್. ಇಷ್ಟು ಕೊಟ್ಟರೂ ಅಮ್ಮ ಬಿದ್ದಂಥ ಹೊತ್ತಿಗೆ, ಅಂದರೆ ರಾತ್ರಿಗೆ, ಯಾರೂ ಇಲ್ಲ. ಹಗಲು ರಾತ್ರಿ ಜನ ಇಟ್ಟರೆ ತಿಂಗಳಿಗೆ 25,480. ಮಗಳು ಕ್ಯಾಲ್ಕುಲೇಟರ್‌ನಲ್ಲಿ ಮತ್ತೆ ಒತ್ತಿ ನೋಡಿದಳು.

ಇವರ ಊರೊಂದೇ ದುಬಾರಿ ಅಂದುಕೊಳ್ಳಬೇಡಿ. ಜೆನ್‌ವರ್ತ್ ಮತ್ತು ಕೇರ್‌ಸ್ಕೌಟ್ 2024ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ಇಡೀ ದೇಶದ ಮಧ್ಯಮ ದರ ಅಸಿಸ್ಟೆಡ್ ಲಿವಿಂಗ್‌ಗೆ ವರ್ಷಕ್ಕೆ 70,800 ಡಾಲರ್. ವಾರಕ್ಕೆ 44 ಗಂಟೆಯ ಹೋಮ್ ಹೆಲ್ತ್ ಏಡ್‌ಗೆ 77,792. ನರ್ಸಿಂಗ್ ಹೋಮ್‌ನಲ್ಲಿ ಒಬ್ಬರೇ ಇರುವ ಕೋಣೆಗೆ 1,27,750. ಅಡಲ್ಟ್ ಡೇ ಸೆಂಟರ್ ಮಾತ್ರ 26,000.

ಡೇ ಸೆಂಟರ್ ಬಗ್ಗೆ ನಮ್ಮವರು ಯೋಚಿಸುವುದೇ ಕಮ್ಮಿ. ಷಿಕಾಗೊ ಸುತ್ತಮುತ್ತ ಭಾರತೀಯ ಹಿರಿಯರಿಗಾಗಿಯೇ ನಡೆಯುವ ಡೇ ಸೆಂಟರ್‌ಗಳಿವೆ. ವ್ಯಾನ್ ಬಂದು ಕರೆದೊಯ್ಯುತ್ತದೆ, ಸಸ್ಯಾಹಾರಿ ಊಟ ಇರುತ್ತದೆ, ಇಸ್ಪೀಟು, ಭಜನೆ, ಕುರ್ಚಿ ಮೇಲೆ ಕೂತು ಮಾಡುವ ವ್ಯಾಯಾಮ. ಅಮ್ಮ ಏಪ್ರಿಲ್‌ನಿಂದ ವಾರಕ್ಕೆ ಮೂರು ದಿನ ಹೋದರು. ದಿನಕ್ಕೆ 95 ಡಾಲರ್. ಹಗಲಿನ ಸಮಸ್ಯೆ ಇದರಿಂದ ಬಹುಪಾಲು ತೀರಿತು. ಮೆಟ್ಟಿಲು, ರಾತ್ರಿ, ಇವೆರಡು ಮಾತ್ರ ಉಳಿದವು. ಕೆಳಗಿನ ಅಂತಸ್ತಿನಲ್ಲಿ ಸ್ನಾನದ ಮನೆ ಇದ್ದಿದ್ದರೆ ಈ ಪ್ರಕರಣ ಇಲ್ಲಿಗೇ ಮುಗಿಯುತ್ತಿತ್ತೋ ಏನೋ. ಕಟ್ಟಿಸಲು ವಿಚಾರಿಸಿದರು. ಬಂದ ಕೊಟೇಷನ್ ನೋಡಿ ಕೈಬಿಟ್ಟರು.

ಮೂರು ಜಾಗ

ಮೊದಲನೆಯ ಕಡೆ ಬ್ರೋಷರ್‌ನಲ್ಲಿದ್ದ ದರ ಸ್ಟುಡಿಯೋ ಕೋಣೆಗೆ 5,400 ಡಾಲರ್. ಅದು ಬಾಡಿಗೆ, ಮೂರು ಹೊತ್ತು ಊಟ, ಕೋಣೆ ಗುಡಿಸುವುದು, ಅಷ್ಟೇ. ಆಮೇಲೆ ನರ್ಸ್ ಬಂದು ಅಮ್ಮನನ್ನು ನೋಡಿದರು. ಸ್ನಾನಕ್ಕೆ ಇಷ್ಟು ಅಂಕ, ಬಟ್ಟೆಗೆ ಇಷ್ಟು, ಊಟದ ಹಾಲ್‌ಗೆ ಕರೆದೊಯ್ಯಲು ಇಷ್ಟು. ಅಂಕ ಕೂಡಿಸಿ 'ಲೆವೆಲ್ 2' ಅಂದರು. ಅದಕ್ಕೆ 1,250. ಮಾತ್ರೆ ಕೊಡುವುದಕ್ಕೆ ಬೇರೆ 550. ಒಟ್ಟು 7,200. ಸೇರುವಾಗ ಒಮ್ಮೆ ಮಾತ್ರ ಕೊಡುವ ಕಮ್ಯುನಿಟಿ ಫೀ 4,000, ವಾಪಸ್ ಬರುವುದಿಲ್ಲ. ಬ್ರೋಷರ್ ದರ ಹಿಡಿದು ಜಾಗ ಹೋಲಿಸುವುದು ಸುಮ್ನೆ ಕಾಲಹರಣ. ಈ ಅಂಕಪಟ್ಟಿ ಕೇಳಿ ತೆಗೆದುಕೊಳ್ಳಿ, ಕೊಡುತ್ತಾರೆ.

ಎರಡನೆಯದು ಎಲ್ಲ ಸೇರಿ 6,900, ಲೆವೆಲ್ ಗಿವೆಲ್ ಇಲ್ಲ. ಲೆಕ್ಕಕ್ಕೆ ಇದೇ ಚೆನ್ನಾಗಿತ್ತು. ಆದರೆ ಖಾಲಿ ಇದ್ದದ್ದು ಮೂರನೇ ಮಹಡಿಯ ಕೊನೆಯ ಕೋಣೆ. ಊಟದ ಹಾಲ್‌ಗೆ ಉದ್ದ ನಡಿಗೆ. ಸಸ್ಯಾಹಾರ ಅಂದರೆ ಸಲಾಡ್ ತೋರಿಸಿದರು.

ಮೂರನೆಯದು ಲೈಫ್ ಪ್ಲಾನ್ ಕಮ್ಯುನಿಟಿ. ಸೇರುವಾಗಲೇ ದೊಡ್ಡ ಇಡಿಗಂಟು, ಆಮೇಲೆ ಜೀವಮಾನವಿಡೀ ಒಂದೇ ಆವರಣದಲ್ಲಿ ಆರೈಕೆ. ಆದರೆ ಗಟ್ಟಿಮುಟ್ಟಾಗಿದ್ದಾಗಲೇ ಸೇರಬೇಕು, ಆರೋಗ್ಯ ಪರೀಕ್ಷೆ ಇದೆ. ಬಿದ್ದು ಎದ್ದ ಅಮ್ಮನಿಗೆ ಆ ಬಾಗಿಲು ಮುಚ್ಚಿತ್ತು. ಎಪ್ಪತ್ತರ ಆಸುಪಾಸಿನ ದಂಪತಿಗಳು ಇದನ್ನು ಈಗಲೇ ನೋಡಿಡುವುದು ಒಳ್ಳೆಯದು.

ಅಮ್ಮ ಏನಂದರು? "ನನ್ನನ್ನ ಹಾಸ್ಟೆಲ್ಲಿಗೆ ಸೇರಿಸ್ತೀರಾ?" ಅಂದರು. ಮಗ ಸುಮ್ಮನಾದ. ಮಗಳು ಅತ್ತಳು. ಕನ್ನಡ ಕೂಟದಲ್ಲಿ ನಾಲ್ಕು ಜನ ನಾಲ್ಕು ಮಾತು ಆಡಿದ್ದೂ ಅಮ್ಮನ ಕಿವಿಗೆ ಬಿದ್ದಿತ್ತು. ಮಾತಾಡಿದವರಲ್ಲಿ ಒಬ್ಬರೂ ರಾತ್ರಿ ನಾಲ್ಕಕ್ಕೆ ಬಂದು ಕೈ ಹಿಡಿಯುವವರಲ್ಲ ಅಂತ ನಾನು ಅಂದೆ. ಸ್ವಲ್ಪ ಒರಟಾಯಿತೇನೋ, ಆದರೆ ಅಮ್ಮ ನಕ್ಕರು.

ಒಪ್ಪಿಸಲು ಯಾರೂ ಹೋಗಲಿಲ್ಲ. ಮೊದಲನೇ ಜಾಗದಲ್ಲಿ ರೆಸ್ಪೈಟ್ ಸ್ಟೇ ಅಂತ ಒಂದು ತಿಂಗಳು ಇರಬಹುದಿತ್ತು. ಮಂಚ ಕುರ್ಚಿ ಎಲ್ಲ ಅವರದೇ, ಕಮ್ಯುನಿಟಿ ಫೀ ಇಲ್ಲ. ಜುಲೈನಲ್ಲಿ ಹೋದರು, ಇಷ್ಟ ಆಗದಿದ್ದರೆ ವಾಪಸ್ ಅನ್ನುವ ಮಾತಿನ ಮೇಲೆ. ಊಟ ಸೇರಲಿಲ್ಲ. ಕೋಣೆಯಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ, ದೇವರಿಗೆ ಬ್ಯಾಟರಿ ದೀಪ. ಅದಕ್ಕೆ ತುಂಬ ನೊಂದುಕೊಂಡರು. ಆದರೆ ರಾತ್ರಿ ಬಟನ್ ಒತ್ತಿದರೆ ಜನ ಬರುತ್ತಿದ್ದರು. ಎಷ್ಟೋ ತಿಂಗಳ ಮೇಲೆ ನಿದ್ದೆ ಬಂತು ಅಂತ ಮಗಳಿಗೆ ಫೋನಿನಲ್ಲಿ ಹೇಳಿದರು. ತಿಂಗಳ ಕೊನೆಗೆ ಅವರೇ ಒಂದು ಷರತ್ತು ಹಾಕಿದರು: ಡೇ ಸೆಂಟರ್ ಬಿಡಿಸಬಾರದು, ಊಟಕ್ಕೆ ಏನಾದರೂ ದಾರಿ ಮಾಡಬೇಕು. ಪಕ್ಕದ ಊರು ಅರೋರಾದಲ್ಲಿ ಮನೆಯಲ್ಲೇ ಅಡುಗೆ ಮಾಡಿ ಕಳಿಸುವ ಒಬ್ಬರು ಸಿಕ್ಕರು. ವಾರಕ್ಕೆ ಮೂರು ಡಬ್ಬಿ, ಸಾರು, ಪಲ್ಯ, ಚಪಾತಿ. ಕೋಣೆಯಲ್ಲಿ ಮೈಕ್ರೋವೇವ್ ಇತ್ತು. ಆಗಸ್ಟ್‌ನಲ್ಲಿ ಸೇರಿದರು.

ಮನೆ

ಮನೆ ಮಾರಬಾರದು ಅನ್ನುವುದು ಮಗಳ ಹಟ. ಅಪ್ಪ 1989ರಲ್ಲಿ ಕೊಂಡದ್ದು. ಯಾರೋ ಅವಳಿಗೆ ಹೇಳಿದ್ದರು, ಮನೆಯನ್ನು ಈಗಲೇ ನಿನ್ನ ಹೆಸರಿಗೆ ಮಾಡಿಸಿಕೋ, ಆಮೇಲೆ ಅಮ್ಮನಿಗೆ ಮೆಡಿಕೇಡ್ ಸಿಗುತ್ತೆ ಅಂತ. ಈ ಸಲಹೆ ನಮ್ಮ ಸಮುದಾಯದಲ್ಲಿ ಜೋರಾಗಿ ಓಡಾಡುತ್ತಿದೆ. ಇದರಷ್ಟು ದುಬಾರಿ ಸಲಹೆ ನಾನು ಕಂಡಿಲ್ಲ. ಲಾಂಗ್ ಟರ್ಮ್ ಕೇರ್‌ಗೆ ಮೆಡಿಕೇಡ್ ಅರ್ಜಿ ಹಾಕಿದರೆ ಹಿಂದಿನ ಐದು ವರ್ಷದಲ್ಲಿ ಯಾರಿಗೆ ಏನು ಕೊಟ್ಟಿರಿ ಅಂತ ನೋಡುತ್ತಾರೆ. ಸುಮ್ಮನೆ ಕೊಟ್ಟಿದ್ದರೆ ಕೊಟ್ಟದ್ದರ ಬೆಲೆಗೆ ತಕ್ಕಷ್ಟು ಕಾಲ ಸಹಾಯ ತಡೆಯುತ್ತಾರೆ. ಇನ್ನೊಂದು ಕಡೆ ತೆರಿಗೆ. ಅಮ್ಮ ಬದುಕಿದ್ದಾಗ ದಾನವಾಗಿ ಪಡೆದರೆ ಹಳೆಯ ಖರೀದಿ ಬೆಲೆಯೂ ಜೊತೆಗೇ ಬರುತ್ತದೆ. ಮುಂದೆ ಮಗಳು ಮಾರುವಾಗ ಲಾಭ ದೊಡ್ಡದಾಗಿ ಕಾಣುತ್ತದೆ.

ಅಮ್ಮನೇ ಮಾರಿದರೆ? ಮನೆ ಗಂಡ ಹೆಂಡತಿ ಜಂಟಿಯಾಗಿ 1,90,000ಕ್ಕೆ ಕೊಂಡದ್ದು. ಗಂಡ ತೀರಿಕೊಂಡಾಗ ಅವರ ಅರ್ಧದ ಬೆಲೆ ಆ ದಿನದ ಮಾರುಕಟ್ಟೆ ದರಕ್ಕೆ ಏರುತ್ತದೆ. 2022ರಲ್ಲಿ ಮನೆ 5,20,000 ಇತ್ತು, ಅದರ ಅರ್ಧ 2,60,000. ಅಮ್ಮನ ಅರ್ಧ 95,000. ಕೂಡಿಸಿದರೆ 3,55,000. ಖರ್ಚು ಕಳೆದು ಕೈಗೆ 5,30,000 ಬಂದರೆ ಲಾಭ 1,75,000. ವಾಸದ ಮನೆ ಮಾರಿದ ಒಬ್ಬರಿಗೆ 2,50,000ದವರೆಗೆ ತೆರಿಗೆ ವಿನಾಯಿತಿ ಇದೆ. ಅಂದರೆ ಫೆಡರಲ್ ತೆರಿಗೆ ಸೊನ್ನೆ. ಗಂಡ ಹೋದ ಎರಡು ವರ್ಷದೊಳಗೆ ಮಾರಿದ್ದರೆ 5,00,000ದವರೆಗೂ ವಿನಾಯಿತಿ ಇತ್ತು, ಇವರಿಗೆ ಅದು ಬೇಕಾಗಲಿಲ್ಲ.

ಮನೆ ಇಟ್ಟುಕೊಂಡು ಅಸಿಸ್ಟೆಡ್ ಲಿವಿಂಗ್ ಖರ್ಚೂ ಕೊಟ್ಟರೆ ಉಳಿತಾಯ ನಾಲ್ಕು ವರ್ಷವೂ ಬರುವುದಿಲ್ಲ. ಮಾರಿದರೆ, ದರ ವರ್ಷಕ್ಕೆ ನೂರಕ್ಕೆ 7 ಏರಿದರೂ, ಬಡ್ಡಿ ಸೇರಿಸದೆ ಹೆಚ್ಚುಕಡಿಮೆ ಹತ್ತು ವರ್ಷ ಬರುತ್ತದೆ. ಮೆಡಿಗ್ಯಾಪ್ (ಮೆಡಿಕೇರ್ ಕೊಡದ ಪಾಲಿಗೆ ಮಾಡಿಸುವ ವಿಮೆ) ಕಂತು, ಔಷಧಿ, ಊಟದ ಡಬ್ಬಿ, ಇತರೆ ಅಂತ ತಿಂಗಳಿಗೆ 750 ಸೇರಿಸಿಯೇ ಈ ಲೆಕ್ಕ, ಡೇ ಸೆಂಟರ್ ಖರ್ಚು ಇದರಲ್ಲಿ ಸೇರಿಲ್ಲ. ಆ ಮನೆ ಅಮ್ಮನ ಮುಪ್ಪಿನ ಹಣ. ಮಕ್ಕಳ ಆಸ್ತಿ ಅಂತ ನೋಡಿದ ಕೂಡಲೇ ಎಲ್ಲ ಲೆಕ್ಕವೂ ಸೊಟ್ಟಗಾಗುತ್ತದೆ. ಅಕ್ಟೋಬರ್‌ನಲ್ಲಿ ಮಾರಿದರು.

ಎಲ್ಡರ್ ಲಾ ವಕೀಲರ ಹತ್ತಿರ ಎರಡು ಪವರ್ ಆಫ್ ಅಟಾರ್ನಿ ಮಾಡಿಸಿದರು, ಒಂದು ಆರೋಗ್ಯಕ್ಕೆ, ಒಂದು ಹಣಕಾಸಿಗೆ. ಅಮ್ಮನಿಗೆ ನೆನಪು ಸರಿಯಿರುವಾಗಲೇ ಇದು ಆಗಬೇಕು. ಆಮೇಲೆ ಕೋರ್ಟಿಗೆ ಹೋಗಿ ಗಾರ್ಡಿಯನ್‌ಷಿಪ್ ಪಡೆಯಬೇಕಾಗುತ್ತದೆ. ಸ್ನಾನ, ಬಟ್ಟೆ ಎರಡಕ್ಕೂ ಸಹಾಯ ಬೇಕು ಅಂತ ಬರೆದ ಆರೈಕೆ ಯೋಜನೆಯನ್ನೂ ಡಾಕ್ಟರಿಂದ ಪಡೆದಿಟ್ಟರು. ಅದಿದ್ದರೆ ಆರೈಕೆಯ ಖರ್ಚನ್ನು ವೈದ್ಯಕೀಯ ಖರ್ಚು ಅಂತ ತೆರಿಗೆಯಲ್ಲಿ ತೋರಿಸಬಹುದು, ಆದಾಯದ ನೂರಕ್ಕೆ 7.5 ಮೀರಿದ ಭಾಗಕ್ಕೆ.

ಸೇರಿದ ಮೇಲೆ

ಒಂದು ತಿಂಗಳಿಗೆ ಮರುಪರೀಕ್ಷೆ ಮಾಡಿ 'ಲೆವೆಲ್ 3' ಅಂದರು. ತಿಂಗಳಿಗೆ 450 ಜಾಸ್ತಿ. ಮಕ್ಕಳು ಕೂಗಾಡಲಿಲ್ಲ. ಅಂಕಪಟ್ಟಿ ಕೇಳಿದರು. ರಾತ್ರಿ ಎರಡು ಸಲ ಬಂದು ನೋಡುವುದು ಅಂತ ಹೊಸದಾಗಿ ಸೇರಿಸಿದ್ದರು. ಅಮ್ಮ ಈಗ ಬಟನ್ ಒತ್ತುತ್ತಿದ್ದದ್ದು ಒಂದೇ ಸಲ. ಫಿಸಿಕಲ್ ಥೆರಪಿಸ್ಟ್ ಬರೆದ ಚೀಟಿ ಇಟ್ಟುಕೊಂಡು ನರ್ಸ್ ಜೊತೆ ಕೂತರು. ಲೆವೆಲ್ 2ರಲ್ಲೇ ಉಳಿಯಿತು. ಮಾತು ಕೇಳದಿದ್ದರೆ ರಾಜ್ಯದ ಲಾಂಗ್ ಟರ್ಮ್ ಕೇರ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದಿತ್ತು, ಅದಕ್ಕೆ ಶುಲ್ಕ ಇಲ್ಲ. ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

2026ರ ಜನವರಿಯಲ್ಲಿ ಪತ್ರ ಬಂತು. ಮಾರ್ಚ್‌ನಿಂದ ಬಾಡಿಗೆ ನೂರಕ್ಕೆ 6.5 ಜಾಸ್ತಿ, 5,400 ಇದ್ದದ್ದು 5,751. ಆರೈಕೆಯ ದರ ಹಾಗೇ ಇದೆ, ಒಟ್ಟು 7,551. ಹಾಕಿಟ್ಟ ಲೆಕ್ಕದೊಳಗೇ ಇದೆ ಅಂತ ಮಗ ಅಂದ. ಅಮ್ಮ ಈಚೆಗೆ ಡೇ ಸೆಂಟರ್ ವ್ಯಾನ್ ಬರುವ ದಿನ ಯಾವುದು ಅಂತ ಮರೆಯುತ್ತಿದ್ದಾರೆ. ಇಂಗ್ಲಿಷಿನಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರ ಕೊಡುತ್ತಾರೆ. ಏಪ್ರಿಲ್‌ನಲ್ಲಿ ನೆನಪಿನ ಪರೀಕ್ಷೆಗೆ ಡಾಕ್ಟರ ಹತ್ತಿರ ಸಮಯ ತೆಗೆದುಕೊಂಡಿದ್ದಾರೆ. ಅದೇ ಕಟ್ಟಡದ ಮೆಮೊರಿ ಕೇರ್ (ಮರೆವು ಹೆಚ್ಚಾದವರ ಆರೈಕೆ) ವಿಭಾಗದ ದರ ಈಗ 8,900. ಅದರ ಕರಾರುಪತ್ರದ ಒಂದು ಪ್ರತಿಯನ್ನು ಮಗಳು ಈಗಲೇ ತರಿಸಿಕೊಂಡು ಓದುತ್ತಿದ್ದಾಳೆ.